ಹೋಳಿಗೆ ಯಾರಿಗೆ ಮುಟ್ಟಬೇಕು

ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಾಗಿರಬಹುದು. ಮಳೆ ಇತ್ತು ಎಂದು ಬರೆದ ಕಡೆ ಬಿಸಿಲು ಇದ್ದಿರಬಹುದು. ಅತ್ತೆ ಆಡಿದರೆಂದು ಬರೆದ ಮಾತು ಮಾವ ಆಡಿದ್ದಿರಬಹುದು. ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ಭರವಸೆ ಇಲ್ಲ. ಇಲ್ಲವೆಂದೇ ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಆದರೆ ದಿನಚರಿಯ ಸ್ವಭಾವ ನಿಮಗೂ ಗೊತ್ತಿರಬಹುದು. ಏನೂ ನಡೆಯದ ದಿನ ಅದು ಪುಟಗಟ್ಟಲೆ ತುಂಬುತ್ತದೆ, ಖರೆ ಏನಾದರೂ ನಡೆದ ದಿನ ಬರೆಯಲು ಪುರುಸೊತ್ತೇ ಆಗುವುದಿಲ್ಲ. ನಮ್ಮ ಮಾವ ಡೆಂಗ್ಯೂ ಆಗಿ ಮಡಗಾಂವಿನ ದವಾಖಾನೆಯಲ್ಲಿ ಮಲಗಿದ್ದ ವಾರದ ಪುಟಗಳನ್ನು ತೆರೆದರೆ ಒಂದೇ ಸಾಲು ಸಿಗುತ್ತದೆ: ಸಾರಿನ ಡಬ್ಬಿ ಸೋರಿ ಚೀಲ ಹಾಳಾಯಿತು. ಮನೆಯ ಹಿರಿಯರು ಬದುಕುತ್ತಾರೋ ಇಲ್ಲವೋ ಎಂದು ನಾವೆಲ್ಲ ಉಸಿರು ಹಿಡಿದು ಕೂತಿದ್ದ ವಾರದ ಬಗ್ಗೆ ಇಷ್ಟನ್ನು ಮಾತ್ರ ಬರೆದಿಟ್ಟುಕೊಂಡ ಹೆಂಗಸು, ಅದೇ ವರ್ಷ ಜಗತ್ತಿನ ಧರ್ಮಗಳನ್ನು ಹೋಲಿಸಿ ನೋಡಲು ಹೊರಟಳು ಎಂದರೆ ಮುಂದೆ ಆದದ್ದಕ್ಕೆ ಯಾರನ್ನೂ ದೂರುವ ಹಾಗಿಲ್ಲ.

ಈ ಹುಚ್ಚು ನನಗೆ ಹೇಗೆ ಹತ್ತಿತೆಂಬುದೂ ಸ್ಪಷ್ಟವಾಗಿ ನೆನಪಿಲ್ಲ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಮದುವೆಯಾಗಿ ಗೋವಾದ ಫೋಂಡಾಕ್ಕೆ ಬಂದವಳು ನಾನು. ಗಂಡನ ಮನೆಯವರು ಬೆಳಗಾವಿ ಕಡೆಯವರು. ಮಾವನ ತಂದೆಯ ಕಾಲದಿಂದ ಇಲ್ಲಿ ಬಟ್ಟೆ ಅಂಗಡಿ ಇದೆ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮಧ್ಯಾಹ್ನಗಳು ಖಾಲಿ ಬಿದ್ದವು. ಮನೆಯಲ್ಲೇ ಕೂತು ಓದಬಹುದಾದ ಒಂದು ಡಿಪ್ಲೊಮಾ ಕಣ್ಣಿಗೆ ಬಿತ್ತು, ತೌಲನಿಕ ಧರ್ಮ ಅಧ್ಯಯನ ಅಂತ. ಅದರ ಪಕ್ಕದಲ್ಲೇ ಬೇಕರಿ ತಿನಿಸುಗಳ ತಯಾರಿಕೆ ಎಂಬ ಇನ್ನೊಂದು ಡಿಪ್ಲೊಮಾ ಇತ್ತು. ಅದನ್ನು ಯಾಕೆ ಆರಿಸಿಕೊಳ್ಳಲಿಲ್ಲ ಎಂದು ನಮ್ಮವರು ಇವತ್ತಿಗೂ ಆಗಾಗ ಕೇಳುತ್ತಾರೆ.

ರವಿವಾರ ಬೆಳಿಗ್ಗೆ ಫೋನಿನಲ್ಲಿ ಪಾಠ. ಪಾಠ ಮಾಡುವ ಸರ್ ಬಹಳ ಸೌಮ್ಯ ಮನುಷ್ಯ. ಮೊದಲ ದಿನವೇ ಹೇಳಿದರು, ಧರ್ಮಗಳನ್ನು ಅಧ್ಯಯನ ಮಾಡುವವರು ತಮ್ಮ ನಂಬಿಕೆಯನ್ನು ಚಪ್ಪಲಿಯ ಹಾಗೆ ಬಾಗಿಲ ಹೊರಗೆ ಬಿಟ್ಟು ಒಳಗೆ ಬರಬೇಕು ಎಂದು. ನಮ್ಮಲ್ಲಿಯ ಒಳ್ಳೆಯದನ್ನು ತೆಗೆದು ಅವರಲ್ಲಿಯ ಕೆಟ್ಟದ್ದರ ಪಕ್ಕಕ್ಕೆ ಇಡಬಾರದು. ಉಪವಾಸದ ಪಕ್ಕ ಉಪವಾಸ, ಯಾತ್ರೆಯ ಪಕ್ಕ ಯಾತ್ರೆ ಇಟ್ಟು ನೋಡಬೇಕು. ಇನ್ನೊಬ್ಬರ ಧರ್ಮದ ಬಗ್ಗೆ ನಾವು ಬರೆದದ್ದನ್ನು ಅವರೇ ಓದಿದರೆ 'ಹೌದು, ನಾವು ಹೀಗೇ' ಅನ್ನಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತೀರ್ಪು ಕೊಡಬಾರದು. ನಾನು ಎಲ್ಲವನ್ನೂ ಬರೆದುಕೊಂಡೆ. ಗುಡಿಯ ಹೊರಗೆ ಚಪ್ಪಲಿ ಬಿಟ್ಟು ಬಂದವರ ಗಮನ ಒಳಗೆ ದೇವರ ಮುಂದೆ ನಿಂತಾಗಲೂ ಚಪ್ಪಲಿಯ ಮೇಲೇ ಇರುತ್ತದೆ ಎಂಬುದನ್ನು ಸರ್ ಯೋಚಿಸಿದ್ದರೋ ಇಲ್ಲವೋ, ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಕುಕ್ಕರ್ ಕೂಗಿತು.

ವರ್ಷದ ಕೊನೆಗೆ ಒಂದು ಪ್ರಬಂಧ ಬರೆದು ಕಳಿಸಬೇಕಿತ್ತು. ಯಾವುದಾದರೂ ಒಂದು ಆಚರಣೆಯನ್ನು ಹಿಡಿದು, ಅದು ಬೇರೆ ಬೇರೆ ಧರ್ಮಗಳಲ್ಲಿ ಹೇಗಿದೆ ಎಂದು ನೋಡಬೇಕು. ನಾನು ಹರಕೆಯನ್ನು ಆರಿಸಿಕೊಂಡೆ. ಕಾರಣ ಸರಳ. ನಮ್ಮ ಮನೆಯಲ್ಲೇ ಒಂದು ಹರಕೆ ತೀರದೆ ಕೂತಿತ್ತು.

ಮಾವನ ಕಾಯಿಲೆ ಜೋರಾದ ದಿನ ಅತ್ತೆ ದವಾಖಾನೆಯಲ್ಲಿ ಒಂದು ಹರಕೆ ಹೊತ್ತಿದ್ದರು. ಪ್ಲೇಟ್‌ಲೆಟ್ ಇಳಿಯುತ್ತಲೇ ಇದೆ, ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿ ಹೋದ ಸಂಜೆ ಅದು. ವಾರ್ಡಿನ ಹೊರಗಿನ ಉದ್ದನೆಯ ಓಣಿಯಂಥ ಜಾಗದಲ್ಲಿ ಗೋಡೆಯ ಮೇಲೆ ಒಂದು ಪಟ, ಪಟಕ್ಕೊಂದು ಕೆಂಪು ಬಲ್ಬು. ಅದರ ಮುಂದೆ ನಿಂತು ಅತ್ತೆ ಕೈಮುಗಿದು, ಇವರು ಎದ್ದು ಮನೆಗೆ ಬರಲಿ, ನನ್ನ ಕೈಯಾರೆ ಹೋಳಿಗೆ ಮಾಡಿ ನಿನಗೆ ಮುಟ್ಟಿಸುತ್ತೇನೆ ಎಂದು ಬೇಡಿಕೊಂಡರು. ಮಾವ ಎದ್ದು ಮನೆಗೆ ಬಂದರು. ಬಂದ ಮರುದಿನವೇ ಅಂಗಡಿಗೆ ಹೋಗಿ ಗಲ್ಲೆಯ ಮೇಲೆ ಕೂತು, "ಏನೂ ಆಗಿರ್ಲಿಲ್ಲ ನಂಗ. ಎಲ್ಲಾರೂ ಕೂಡಿ ಸುಮ್ನ ಮಲಗಿಸಿದ್ರು" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳತೊಡಗಿದರು. ಉಳಿದದ್ದು ಹೋಳಿಗೆ ಮಾತ್ರ. ಅದೇ ತೊಡಕಿಗೆ ಬಂದಿತು. ಆ ಪಟದಲ್ಲಿದ್ದ ದೇವರು ಯಾರೆಂದು ಅತ್ತೆಗೆ ಗೊತ್ತಿರಲಿಲ್ಲ.

ಹೀಗೂ ಆಗುತ್ತದೆಯೇ ಎಂದು ನೀವು ಕೇಳಬಹುದು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು. ಚಷ್ಮಾ ಹಾಕಿಕೊಂಡರೆ ಎದುರಿಗಿರುವವರು ಗಂಡೋ ಹೆಣ್ಣೋ ಎಂಬಷ್ಟು ತಿಳಿಯುತ್ತಿತ್ತು, ತೆಗೆದರೆ ಬೆಳಕು ಮಾತ್ರ. ಆ ಸಂಜೆ ಚಷ್ಮಾ ನನ್ನ ಚೀಲದಲ್ಲಿತ್ತು, ಸಾರು ಸೋರಿದ ಅದೇ ಚೀಲದಲ್ಲಿ. ಅತ್ತೆಗೆ ಕಂಡದ್ದು ಕೆಂಪು ಬೆಳಕೊಂದೇ. ಬೆಳಕಿದ್ದಲ್ಲಿ ದೇವರು ಇರಲೇಬೇಕು ಎಂದು ಅವರು ಕೈಮುಗಿದರು.

"ನೀ ಬಾಜೂಕ ನಿಂತಿದ್ದಿ," ಎನ್ನುತ್ತಾರೆ ಅತ್ತೆ. "ಇಲ್ಲೆ ಯಾವ ದೇವರೈತಿ ಶೈಲಾ ಅಂತ ಕೇಳಿದೆ. ಎಲ್ಲಾರೂ ಅದಾರ್ರೀ ಅತ್ತಿ ಅಂದಿ."

ನಾನು ಹಾಗೆ ಅಂದೆನೇ? ಅಂದಿರಬಹುದು. ನನ್ನ ಕಣ್ಣ ಮುಂದೆ ಒಂದು ಪಟ ಬರುತ್ತದೆ. ಎಡಕ್ಕೆ ಗಣಪತಿ, ನಡುವೆ ಶಿಲುಬೆ, ಬಲಕ್ಕೆ ಮಕ್ಕಾ, ಮೂರಕ್ಕೂ ಸೇರಿ ಒಂದೇ ಚೌಕಟ್ಟು, ಒಂದೇ ಬಲ್ಬು, ಗಣಪತಿಯ ಕೆಳಗೆ ಸ್ವಲ್ಪ ಒಡೆದ ಗಾಜು. ಗೋವಾದಲ್ಲಿ ಇಂಥ ಪಟ ಕಾಣದ ದಿನವೇ ಇಲ್ಲ. ಎಲ್ಲರೂ ಇದ್ದಾರೆ ಎಂದು ನಾನು ಅಂದಿದ್ದರೆ ಅಂಥ ಪಟವೇ ಇದ್ದಿರಬೇಕು. ಅಥವಾ ನಾನು ಹಾಗೆ ಅಂದೆನೆಂದು ಅತ್ತೆ ಹೇಳಿದ ಮೇಲೆ ಆ ಪಟ ನನ್ನ ನೆನಪಿನಲ್ಲಿ ಬಂದು ಮೊಳೆ ಹೊಡೆದುಕೊಂಡಿತೋ, ಅದನ್ನು ಮಾತ್ರ ನಾನು ಆಣೆ ಮಾಡಿ ಹೇಳಲಾರೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಅತ್ತೆಯ ಕಣ್ಣು ಕೆಡುತ್ತ ನಡೆದಿತ್ತು. ಒಂದು ದಿನ ಕಾದ ಹಂಚಿನ ಮೇಲೆ ಅಂಗೈ ಇಟ್ಟುಬಿಟ್ಟರು. ಇನ್ನೊಂದು ದಿನ ಅಂಗಡಿಯ ಮೆಟ್ಟಿಲು ತಪ್ಪಿ ಬಿದ್ದರು. ಅದೇ ಮಡಗಾಂವಿನ ದವಾಖಾನೆಯ ಕಣ್ಣಿನ ಡಾಕ್ಟರು, ಪೊರೆ ಇನ್ನೂ ಗಟ್ಟಿಯಾಗುವವರೆಗೆ ಬಿಡಬೇಡಿ, ಆಮೇಲೆ ಕಷ್ಟವಾಗುತ್ತದೆ ಎಂದು ಆಪರೇಷನ್ನಿಗೆ ದಿನ ಕೊಟ್ಟರು. ಅತ್ತೆ ಹೋಗಲಿಲ್ಲ. ಮತ್ತೊಂದು ದಿನ ಕೊಟ್ಟರು. ಆಗಲೂ ಹೋಗಲಿಲ್ಲ.

"ಹರಕಿ ಬಾಕಿ ಇಟಗೊಂಡು ಕಣ್ಣಿಗೆ ಕತ್ತಿ ಹಾಕಿಸ್ಕೊಳ್ಳೂದಿಲ್ಲ ನಾ," ಎಂದರು. "ಮೊದಲ ಅದು ಮುಟ್ಲಿ."

"ಮೂರೂ ಕಡೆ ಒಂದೊಂದು ಡಬ್ಬಿ ಕೊಟ್ಟು ಬರೂಣ್ರಿ ಅತ್ತಿ," ಎಂದೆ. ಬಹಳ ಜಾಣತನದ ಮಾತು ಆಡಿದೆನೆಂದು ನನಗೇ ಅನಿಸಿತ್ತು.

ಅತ್ತೆ ನನ್ನ ದನಿ ಬಂದ ದಿಕ್ಕಿಗೆ ತಿರುಗಿದರು. "ಮೂವರೊಳಗ ಒಬ್ಬಾಂವ ಮಾಡಿದ ಕೆಲಸಕ್ಕ ಮೂವರನ್ನೂ ಉಣ್ಣಾಕ ಕರದ್ರ, ಮಾಡಿದಾಂವಗ ಹ್ಯಾಂಗ ಅನಸ್ತೈತಿ? ಮಾಡಲಾರದವ್ರಿಗರ ನಾಚಿಕಿ ಆಗೂದಿಲ್ಲೇನು? ನೀ ಓದಿದಾಕಿ ಅದಿ. ಅದನ್ನ ಓದಾಕತ್ತೀಯಲ್ಲ ಮತ್ತ. ಯಾರಂತ ಹೇಳು."

ನನ್ನ ಗೊಂದಲ ಶುರುವಾದದ್ದು ಇಲ್ಲಿಂದ. ತೀರ್ಪು ಕೊಡಬಾರದು ಎಂದು ಸರ್. ತೀರ್ಪು ಕೊಡು, ಇಲ್ಲದಿದ್ದರೆ ಕುರುಡಿಯಾಗಿಯೇ ಕೂಡುತ್ತೇನೆ ಎಂದು ಅತ್ತೆ. ರವಿವಾರದ ಪಾಠದಲ್ಲಿ ಹೆಸರು ಹೇಳದೆ, ಒಬ್ಬ ಮಹಿಳೆಗೆ ಹೀಗಾಗಿದೆ ಎಂದು ಕೇಳಿ ನೋಡಿದೆ. ಸರ್ ಬಹಳ ಸಂತೋಷಪಟ್ಟರು. "ಅಪರೂಪದ ಕ್ಷೇತ್ರಕಾರ್ಯ. ಆ ಮಹಿಳೆ ಏನು ಹೇಳುತ್ತಾರೋ ಅದನ್ನೇ ಬರೆಯಿರಿ. ನೀವು ನಡುವೆ ಬರಬೇಡಿ," ಎಂದರು. ಆ ಮಹಿಳೆ ಆಗ ನನ್ನ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಯಾರಂವಾ? ದನಿ ಚಲೋ ಐತಿ. ಏನಂದಾ?" ಎಂದು ಕೇಳಿದರು. ನೀವು ಹೇಳಿದ್ದನ್ನೇ ಬರೆಯಬೇಕಂತೆ ಎಂದೆ. "ನಾ ನಿನ್ನ ಕೇಳಾಕತ್ತೇನಿ, ಅಂವಾ ನನ್ನ ಕೇಳಂತಾನ," ಎಂದು ಬೆಳ್ಳುಳ್ಳಿಯ ಬಟ್ಟಲು ತೆಗೆದುಕೊಂಡು ಒಳಗೆ ಹೋದರು.

ನಾನು ಒಂದು ದೊಡ್ಡ ಹಾಳೆ ತೆಗೆದುಕೊಂಡು ಕೋಷ್ಟಕದ ಮನೆಗಳನ್ನು ಎಳೆದೆ. ಮೇಲೆ ಮೂರು ಧರ್ಮ. ಪಕ್ಕದಲ್ಲಿ ಪ್ರಶ್ನೆಗಳು: ಹರಕೆ ಯಾರಿಗೆ, ಏನು ಕೊಡುತ್ತಾರೆ, ಸಿಹಿ ನಡೆಯುತ್ತದೋ ಇಲ್ಲವೋ. ಹಾಳೆಯನ್ನು ಹಿಡಿದು ಮೊದಲು ಕೆಳಗಿನ ಮನೆಗೆ ಇಳಿದೆ. ಅಲ್ಲಿ ಫಿಲೊಮಿನಾ ಬಾಯಿ ಇದ್ದಾರೆ, ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ನಮ್ಮ ಅಂಗಡಿಗೆ ಬಂದು ಬಂದು ಅರ್ಧ ಕೊಂಕಣಿ ಅರ್ಧ ಬೆಳಗಾವಿ ಕನ್ನಡ ಕಲಿತಿದ್ದಾರೆ. ಮಾವ ದವಾಖಾನೆಯಲ್ಲಿದ್ದಾಗ ನೋಡಲು ಬಂದಿದ್ದರು. ಆದ್ದರಿಂದ ಅವರು ಸಾಕ್ಷಿಯೂ ಹೌದು, ಅಧ್ಯಯನದ ವಸ್ತುವೂ ಹೌದು.

"ಮೂರು ದೇವರ ಪಟ? ನಹಿ ಗೋ," ಎಂದರು ಅವರು. "ಅಲ್ಲಿ ನಮ್ಮ ಸಾಯ್ಬಿಣ್ ಇತ್ತು. ದೇವಮಾತೆ. ನೀಲಿ ಸೆರಗು. ನಾನು ಶಿಲುಬೆ ಮಾಡಿಕೊಂಡು ಮುಂದೆ ಹೋದದ್ದು ನನಗೆ ನೆನಪೈತಿ."

ನಾನು ಹಾಳೆಯ ಮೇಲೆ ಬರೆದುಕೊಂಡೆ. ದೇವಮಾತೆಗೆ ಹೋಳಿಗೆ ನಡೆಯುತ್ತದೆಯೇ ಎಂದು ಕೇಳಿದೆ. ಯಾಕೆ ನಡೆಯುವುದಿಲ್ಲ ಎಂದರು. ನಮ್ಮ ಊರಿನ ಹಬ್ಬದಲ್ಲಿ ಜನ ತಂದದ್ದನ್ನೆಲ್ಲ ಆಮೇಲೆ ಹರಾಜು ಹಾಕುತ್ತಾರೆ, ಬಾಳೆಗೊನೆ, ಕೇಕು, ಕೋಳಿ, ಎಲ್ಲ. ನೀಲಾಬಾಯಿಯ, ಅಂದರೆ ನಮ್ಮ ಅತ್ತೆಯ, ಹೋಳಿಗೆಗೆ ಒಳ್ಳೆಯ ಬೆಲೆ ಬರುತ್ತದೆ ಎಂದರು. ಆಮೇಲೆ ಮಾತಿಗೆ ಮಾತು ಬಂದು, ತಮ್ಮ ತಾಯಿ ಮನೆಯಲ್ಲಿ ಮದುವೆ ಗೊತ್ತಾದಾಗ ಮೊದಲು ಊರ ದೇವಿಯ ಗುಡಿಗೆ ಎಣ್ಣೆ ಕಳಿಸುತ್ತಿದ್ದರು ಎಂದೂ ಹೇಳಿದರು. ನನ್ನ ಪೆನ್ನು ನಿಂತಿತು. ಇದನ್ನು ಯಾವ ಮನೆಯಲ್ಲಿ ಬರೆಯುವುದು? ಎಣ್ಣೆ ಹೋದದ್ದು ಗುಡಿಗೆ, ಕಳಿಸಿದವರು ಇಗರ್ಜಿಗೆ ಹೋಗುವವರು.

"ಬಾಯಿ, ಇದು ನಿಮ್ಮ ಧರ್ಮದಲ್ಲಿ ಬರುತ್ತದೋ?" ಎಂದೆ.

"ಅದು ಧರ್ಮ ಅಲ್ಲ ಗೋ," ಎಂದರು ಫಿಲೊಮಿನಾ ಬಾಯಿ. "ಅದು ತವರುಮನೆ."

ನನ್ನ ಹಾಳೆಯಲ್ಲಿ ತವರುಮನೆ ಎಂಬ ಮನೆ ಇರಲಿಲ್ಲ. ಅಂಚಿನಲ್ಲಿ ಸಣ್ಣಗೆ ಬರೆದುಕೊಂಡು ಖಾದರ್ ಭಾಯಿಯ ಕಡೆಗೆ ಹೋದೆ. ಈ ಸಲ ಅತ್ತೆಯೂ ನನ್ನ ಭುಜ ಹಿಡಿದುಕೊಂಡು ಬಂದರು. ಖಾದರ್ ಭಾಯಿ ಹುಬ್ಬಳ್ಳಿಯವರು. ನಮ್ಮ ಅಂಗಡಿಯ ಮೂಲೆಯಲ್ಲಿ ಮಷಿನ್ ಹಾಕಿಕೊಂಡು ಸೀರೆಗೆ ಫಾಲ್ ಹಚ್ಚುತ್ತಾರೆ. ಅವರೂ ದವಾಖಾನೆಗೆ ಬಂದು ಹೋಗಿದ್ದರು. ಪಟ ಹೇಗಿತ್ತು ಎಂದು ಕೇಳಿದರೆ, "ನಾ ನೋಡಿದ್ದು ಕ್ಯಾಲೆಂಡರ್ ರೀ. ಔಷಧ ಕಂಪನಿದು," ಎಂದರು.

"ಅದಿರ್ಲಿ ಖಾದರಪ್ಪ," ಎಂದರು ಅತ್ತೆ. "ಒಂದು ಮಾತು ಹೇಳು. ಮಕ್ಕಾದ ಪಟದ ಮುಂದ ನಿಂತು ಹರಕಿ ಹೊತ್ರ ಅದು ನಿಮ್ಮಾಗ ಯಾರಿಗೆ ಮುಟ್ಟತೈತಿ?"

ಖಾದರ್ ಭಾಯಿ ಮಷಿನ್ ನಿಲ್ಲಿಸಿದರು. "ಪಟಕ್ಕ ಹರಕಿ ಹೊರೂದು ನಮ್ಮಾಗ ಇಲ್ಲಬೇ. ಅದು ದಿಕ್ಕ ತೋರಸ್ತೈತಿ, ಅಷ್ಟ. ಬೇಡೂದು ಮ್ಯಾಲಿನಾಂವನ್ನ."

ನನಗೆ ಸಮಾಧಾನವಾಯಿತು. ಒಂದು ಮನೆಯನ್ನಾದರೂ ಅಡ್ಡಗೆರೆ ಹಾಕಿ ಮುಚ್ಚಬಹುದು ಎಂದು ಪೆನ್ನು ತೆಗೆದೆ. ಅತ್ತೆ ಬಿಡಬೇಕಲ್ಲ. "ಮತ್ತ ನಮ್ಮೂರಾಗ ಅಲಾಯಿ ದೇವರಿಗೆ ವರ್ಷಾ ನಮ್ಮ ಮನಿಯಿಂದನ ಚೊಂಗೆ ಹೋಗ್ತಿದ್ವಲ್ಲೋ. ನಮ್ಮವ್ವ ಮಡಿಲೆ ಮಾಡ್ತಿದ್ಲು," ಎಂದರು. ಅಲಾಯಿ ದೇವರೆಂದರೆ ಮೊಹರಮ್ಮಿನಲ್ಲಿ ಕೂಡಿಸುವ ಪಂಜಾ, ಚೊಂಗೆ ಎಂದರೆ ಆಗ ಮಾಡುವ ಸಿಹಿ ರೊಟ್ಟಿ. "ಹೌದಬೇ, ನಮ್ಮ ಓಣ್ಯಾಗೂ ಗೌಡ್ರ ಮನಿ ಚೊಂಗೆ ಬಂದ ಮ್ಯಾಲನ ಫಾತೇಹಾ ಓದೂದು," ಎಂದು ಖಾದರ್ ಭಾಯಿ ಒಪ್ಪಿಕೊಂಡರು. ಲಿಂಗಾಯತರ ಮನೆಯಲ್ಲಿ ಮಡಿಯಲ್ಲಿ ಮಾಡಿದ ಚೊಂಗೆ ಅಲಾಯಿ ದೇವರಿಗೆ. ನಾನು ಹಾಳೆಯನ್ನು ಅಡ್ಡ ತಿರುಗಿಸಿದೆ, ಉದ್ದ ತಿರುಗಿಸಿದೆ. ಹೊರಡುವಾಗ ಖಾದರ್ ಭಾಯಿ, "ಹೋಳಿಗಿ ಯಾರಿಗೆ ಹೋದ್ರೂ ಹೋಗ್ಲಿ, ನನ್ನ ಮರೀಬ್ಯಾಡ್ರಿ. ತುಪ್ಪ ಮ್ಯಾಲ ಹಾಕ್ಕೊಂಡು ತಿನ್ನಾಂವ ನಾ," ಎಂದು ಮತ್ತೆ ಮಷಿನ್ ಶುರು ಮಾಡಿದರು.

ಆ ಸಂಜೆ ನನಗೆ ಸಿಟ್ಟೇ ಬಂದಿತ್ತು. ಸಿಟ್ಟಿನಲ್ಲಿ, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಟ್ಟೆ. "ಅತ್ತಿ, ಕೊರಳಾಗ ನಿಮ್ಮ ಲಿಂಗ ಇತ್ತಲ್ರೀ. ದಿನಾ ಪೂಜೆ ಮಾಡ್ತೀರಿ. ಅದನ್ನ ಬಿಟ್ಟು ಗೋಡಿ ಮ್ಯಾಲಿನ ಬಲ್ಬಿಗ್ಯಾಕ ಹರಕಿ ಹೊತ್ರಿ?" ಅತ್ತೆಗೆ ಬೇಸರವಾಗಲಿಲ್ಲ. ಸೆರಗಿನೊಳಗೆ ಕೈ ಹಾಕಿ ಲಿಂಗದ ಕರಡಿಗೆ ಮುಟ್ಟಿ ನೋಡಿಕೊಂಡು, "ಇಂವಾ ಮನಿಯಾಂವ," ಎಂದರು. "ಮನಿಯಾಂವಗ ಕಾಣೂದಿಲ್ಲೇನು ಮನಿ ಪಾಡು? ಅವಂಗ ಹೋಳಿಗಿ ಕೊಡ್ತೇನಿ, ಕೆಲಸ ಮಾಡು ಅಂತ ಹೇಳಾಕ ಬರ್ತೈತೇನು?" ಈ ವಾದವನ್ನು ಯಾವ ಧರ್ಮದ ಯಾವ ಮನೆಯಲ್ಲಿ ತುಂಬಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಮಾವ ಟಿ.ವಿ. ನೋಡುತ್ತಿದ್ದವರು, "ಹೋಳಿಗಿ ಆ ಡಾಕ್ಟರ್‌ಗೆ ಕೊಟ್ಟ ಬರ್ರಿ. ಇಂಜೆಕ್ಷನ್ ಮಾಡಿದಾಂವ ಅಂವಾ," ಎಂದರು. "ನೀವು ಸುಮ್ನ ಕೂಡ್ರಿ. ನಿಮಗೇನೂ ಆಗಿರ್ಲಿಲ್ಲಲ್ಲ," ಎಂದರು ಅತ್ತೆ.

ಕಣ್ಣಿನ ಡಾಕ್ಟರು ಕೊಟ್ಟ ಮೂರನೆಯ ದಿನ ಹತ್ತಿರ ಬಂತು. ಇದನ್ನೂ ತಪ್ಪಿಸಿದರೆ ಬೇರೆ ಡಾಕ್ಟರನ್ನು ನೋಡಿಕೊಳ್ಳಿ ಎಂದು ಅವರು ಮುಖ ಗಂಟು ಹಾಕಿಕೊಂಡು ಹೇಳಿದ್ದರು. ಆಗ ನನಗೆ ಹೊಳೆದ ಉಪಾಯ ಬಹಳ ಸಾದಾ. ಹೋಗಿ ಆ ಗೋಡೆಯನ್ನೇ ನೋಡಿಬಿಟ್ಟರಾಯಿತು. ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನಮ್ಮವರು ಕೇಳಿದರು. ಅಧ್ಯಯನದಲ್ಲಿ ತೊಡಗಿದವರಿಗೆ ಇಂಥವು ತಡವಾಗಿಯೇ ಹೊಳೆಯುತ್ತವೆ. ಅತ್ತೆ ನಸುಕಿನಲ್ಲೇ ಎದ್ದು, ನನ್ನನ್ನು ಹತ್ತಿರಕ್ಕೂ ಸೇರಿಸದೆ, ಕೈಯ ಅಂದಾಜಿನಲ್ಲೇ ಹೂರಣ ರುಬ್ಬಿ ಹೋಳಿಗೆ ಮಾಡಿದರು. ಒಂದೆರಡು ಸೀದಿದ್ದವು. ಅವನ್ನು ಮಾವನಿಗೆ ತೆಗೆದಿಟ್ಟರು. ಉಳಿದದ್ದು ಸ್ಟೀಲ್ ಡಬ್ಬಿಗೆ ಹೋಯಿತು. ಹರಕೆ ಮುಟ್ಟಿದರೆ ಅಲ್ಲಿಂದಲೇ ಆಪರೇಷನ್ನಿಗೆ, ಮುಟ್ಟದಿದ್ದರೆ ಅಲ್ಲಿಂದಲೇ ಮನೆಗೆ ಎಂದು ಮಾತಾಯಿತು.

ಮಡಗಾಂವಿನ ಬಸ್ಸು ಹತ್ತಿದೆವು. ಕಂಡಕ್ಟರು "ಫುಡೆಂ ಫುಡೆಂ" ಎಂದು ಎಲ್ಲರನ್ನೂ ಮುಂದೆ ತಳ್ಳುತ್ತಿದ್ದ. ಹೇಗೋ ಅತ್ತೆಗೆ ಡ್ರೈವರಿನ ಹಿಂದಿನ ಸೀಟು ಸಿಕ್ಕಿತು. ನಾನು ಕಂಬಿ ಹಿಡಿದು ನಿಂತು ತಲೆ ಎತ್ತಿದೆ. ಡ್ರೈವರಿನ ತಲೆಯ ಮೇಲೆ ಒಂದು ಪಟ. ಎಡಕ್ಕೆ ಗಣಪತಿ, ನಡುವೆ ಶಿಲುಬೆ, ಬಲಕ್ಕೆ ಮಕ್ಕಾ. ಒಂದೇ ಚೌಕಟ್ಟು, ಕೆಂಪು ಬಲ್ಬು. ಗಣಪತಿಯ ಕೆಳಗೆ ಗಾಜು ಸ್ವಲ್ಪ ಒಡೆದಿತ್ತು, ನನ್ನ ನೆನಪಿನ ಪಟದಲ್ಲಿ ಒಡೆದಂತೆಯೇ. ಮಾವ ಮಲಗಿದ್ದ ವಾರವೆಲ್ಲ ನಾನು ಇದೇ ಬಸ್ಸಿನಲ್ಲಿ ಓಡಾಡಿದ್ದೆ. ಹಾಗಾದರೆ ನಾನು ದವಾಖಾನೆಯ ಗೋಡೆಗೆ ಹಾಕಿಕೊಂಡದ್ದು ಬಸ್ಸಿನ ಪಟವನ್ನೇ? ಪ್ರಬಂಧದ ಅರ್ಧ ಭಾಗ ಆ ಪಟದ ಬಗ್ಗೆಯೇ ಬರೆದು ಮುಗಿಸಿದ್ದೆ. ಒಂದೇ ಚೌಕಟ್ಟಿನಲ್ಲಿ ಮೂರು ಧರ್ಮಗಳು ಎಂಬ ಉಪಶೀರ್ಷಿಕೆಗೆ ಕೆಳಗೆ ಗೆರೆ ಕೂಡ ಎಳೆದಿದ್ದೆ. ಅತ್ತೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, "ಮಡಗಾಂವ ಬಂತೇನು?" ಎಂದರು. ಇನ್ನೂ ಬಂದಿಲ್ರೀ ಎಂದೆ.

ದವಾಖಾನೆಯಲ್ಲಿ ಗೋಡೆಗಳಿಗೆಲ್ಲ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ಅದೇ ಓಣಿ, ಅದೇ ವಾರ್ಡು. ಅದೇ ಜಾಗದಲ್ಲಿ ಒಂದು ಪಟವೂ ಇತ್ತು, ಅದಕ್ಕೊಂದು ಕೆಂಪು ಬಲ್ಬೂ ಇತ್ತು. ಪಟದೊಳಗೆ ಕೋಟು ಹಾಕಿಕೊಂಡ, ದಪ್ಪ ಮೀಸೆಯ ಒಬ್ಬ ಮುದುಕರು. ಕೊರಳಿಗೆ ಗಂಧದ ಹಾರ. ಆ ದವಾಖಾನೆ ಕಟ್ಟಿಸಿದವರಂತೆ.

ಅತ್ತೆಗೆ ಏನೆಂದು ಹೇಳುವುದು? ಅವರನ್ನು ಬೆಂಚಿನ ಮೇಲೆ ಕೂಡಿಸಿ, ಒಂದು ನಿಮಿಷ ಬರುತ್ತೇನೆ ಎಂದು ವಾಚ್‌ಮನ್ ಹತ್ತಿರ ಹೋದೆ. ಈ ಫೋಟೋ ಮೊದಲಿನಿಂದಲೂ ಇಲ್ಲೇ ಇದೆ ಎಂದ ಅವನು. ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಆಯಾ, ಇಲ್ಲ, ಮೊದಲು ಇಲ್ಲಿ ದೇವರ ಫೋಟೋ ಇತ್ತು, ಬಣ್ಣ ಹಚ್ಚುವಾಗ ತೆಗೆದು ಔಷಧದ ಅಂಗಡಿಯಲ್ಲಿ ಇಟ್ಟಿದ್ದಾರೆ ಎಂದಳು. ಯಾವ ದೇವರು ಎಂದೆ. ದೇವರು ಅಂದರೆ ದೇವರು ಎಂದಳು. ಔಷಧದ ಅಂಗಡಿಗೆ ಇಳಿದು ಹೋದೆ. ಅಲ್ಲಿ ಲಕ್ಷ್ಮಿಯ ಪಟವೊಂದಿತ್ತು. ಅದು ನಮ್ಮದೇ, ಮೇಲಿನಿಂದ ಬಂದದ್ದಲ್ಲ ಎಂದರು ಅಂಗಡಿಯವರು. ಮೂರು ಧರ್ಮಗಳಲ್ಲಿ ಒಂದನ್ನು ಹುಡುಕಲು ಬಂದವಳ ಕೈಗೆ ಈಗ ಐದಾರು ಜನ ಸಿಕ್ಕಿದ್ದರು, ಅವರಲ್ಲೊಬ್ಬರು ಕೋಟು ಬೇರೆ ಹಾಕಿಕೊಂಡಿದ್ದರು.

ಮೇಲೆ ಹತ್ತಿ ಬಂದರೆ ಅತ್ತೆ ಬೆಂಚಿನ ಮೇಲೆ ಇರಲಿಲ್ಲ. ಪಟದ ಮುಂದೆ ಎದ್ದು ನಿಂತಿದ್ದರು. ಡಬ್ಬಿಯ ಮುಚ್ಚಳ ತೆಗೆದಿತ್ತು. ತುಪ್ಪದ, ಯಾಲಕ್ಕಿಯ ವಾಸನೆ ಫಿನಾಯಿಲಿನ ವಾಸನೆಯನ್ನು ಹಿಂದೆ ಸರಿಸಿತ್ತು. ಓಣಿಯಲ್ಲಿ ಕೂತಿದ್ದವರೆಲ್ಲರ ಕೈಯಲ್ಲೂ ಹೋಳಿಗೆ. ಬಿಳಿ ಬಟ್ಟೆಯ ಸಿಸ್ಟರ್ ಒಬ್ಬರು ಕರವಸ್ತ್ರದಲ್ಲಿ ಸುತ್ತಿಕೊಳ್ಳುತ್ತಿದ್ದರು. ಬುರ್ಖಾದ ಹೆಂಗಸು ತನ್ನ ಮಗುವಿಗೆ ಮುರಿದು ತಿನ್ನಿಸುತ್ತಿದ್ದಳು. ಉಸಗಾಂವದ ಅದಿರಿನ ಖಾಣಿಯ ಕಡೆಯಿಂದ ಬಂದ ವಿಜಯಪುರದ ಒಬ್ಬ ಮನುಷ್ಯ ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಕೂತಿದ್ದವನು, "ಊರ ಬಿಟ್ಟಮ್ಯಾಲ ಇಂಥಾ ಹೋಳಿಗಿ ತಿಂದಿಲ್ಲಬೇ ಯವ್ವಾ," ಎನ್ನುತ್ತಿದ್ದ.

"ಅತ್ತಿ, ಏನ್ರೀ ಇದು? ಯಾರಂತ ಇನ್ನೂ ಗೊತ್ತಾಗಿಲ್ಲಲ್ರೀ," ಎಂದೆ.

"ಬೆಳಕು ಅದ ಐತಿ," ಎಂದರು ಅತ್ತೆ. "ನಿಂತ ಜಾಗಾನೂ ಅದ ಐತಿ. ಅವತ್ತೂ ಬೆನ್ನಿಗೆ ಫ್ಯಾನಿನ ಗಾಳಿ ಹಿಂಗ ಹೊಡೀತಿತ್ತು. ಮುಟ್ಟತು ಬಿಡು." ಡಬ್ಬಿಯ ತಳದಲ್ಲಿ ಎರಡು ಉಳಿದಿದ್ದವು. ಅವನ್ನು ಎತ್ತಿ ನನ್ನ ಕೈಗೆ ಇಟ್ಟರು. "ಇವು ನಿನ್ನವು. ನಿಂದು ನೀನ ಮುಟ್ಟಸು."

"ನಂದ್ಯಾವ ಹರಕಿ ರೀ?"

ಅಷ್ಟರಲ್ಲಿ ಅತ್ತೆಯ ಹೆಸರು ಕೂಗಿದರು. ನೀಲವ್ವ ಅನ್ನುವುದನ್ನು ಸರಿಯಾಗಿ ಕೂಗಲು ಬಾರದ ನರ್ಸು ಬಾಯಿಗೆ ಬಂದಂತೆ ಕೂಗಿದಳು. ಅತ್ತೆ ಸೆರಗು ಸರಿಮಾಡಿಕೊಂಡು, ಚಷ್ಮಾ ನನ್ನ ಕೈಗೆ ಕೊಟ್ಟು, ಆಪರೇಷನ್ನಿಗೆ ಒಳಗೆ ಹೋದರು. ಇಷ್ಟು ದಿನ ನಾವೆಲ್ಲ ಕಾದದ್ದು ಈ ಕ್ಷಣಕ್ಕೇ. ಅವರು ತಿರುಗಿ ಕೂಡ ನೋಡಲಿಲ್ಲ. ನಾನು ಒಂದು ಕೈಯಲ್ಲಿ ಚಷ್ಮಾ, ಇನ್ನೊಂದು ಕೈಯಲ್ಲಿ ಹೋಳಿಗೆ ಹಿಡಿದು ಮೀಸೆಯ ಮುದುಕರ ಮುಂದೆ ನಿಂತಿದ್ದೆ. ಯಾರಿಗೆ ಮುಟ್ಟಿಸಬೇಕೋ ತಿಳಿಯದೆ, ಕೊನೆಗೆ ಬೆಂಚಿನ ಮೇಲೆ ಕೂತು ಎರಡನ್ನೂ ತಿಂದುಬಿಟ್ಟೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿ, ಕಪ್ಪು ಚಷ್ಮಾದ ದಿನಗಳು ಕಳೆದು, ಮತ್ತೆ ತೋರಿಸಲು ಹೋದಾಗ ಅತ್ತೆ ನನ್ನ ಭುಜ ಹಿಡಿಯದೆ ತಾವೇ ಓಣಿಯಲ್ಲಿ ನಡೆದರು. ಪಟದ ಮುಂದೆ ನಿಂತರು. ಕೋಟು, ಮೀಸೆ, ಗಂಧದ ಹಾರ, ಎಲ್ಲವನ್ನೂ ಹೊಸ ಕಣ್ಣಿನಿಂದ ಬಹಳ ಹೊತ್ತು ನೋಡಿದರು.

"ಈ ಅಜ್ಜಗ ಸಕ್ಕರ್ ಬ್ಯಾನಿ ಇತ್ತೋ ಏನೋ," ಎಂದರು. "ಕೇಳೇ ಇಲ್ಲ ನೋಡು ನಾವು." ಅಷ್ಟು ಹೇಳಿ ಒಂದು ಸಲ ಕೈಮುಗಿದು, ಡಾಕ್ಟರ ಕೋಣೆಯ ಕಡೆಗೆ ನಡೆದರು.

ಪ್ರಬಂಧವನ್ನು ಮೊದಲಿನಿಂದ ಬರೆಯಬೇಕಾಯಿತು. ಬರೆದೆ. ಮೂರು ಧರ್ಮದ ಮನೆಗಳ ಜೊತೆಗೆ ತವರುಮನೆ ಎಂದೊಂದು, ಮನೆಯವನು ಎಂದೊಂದು, ಬೆಳಕು ಮತ್ತು ಫ್ಯಾನಿನ ಗಾಳಿ ಎಂದೊಂದು ಸೇರಿಸಿದೆ. ಸರ್ ಓದಿ ಮೆಚ್ಚಿಕೊಂಡರು. ಕೊನೆಯಲ್ಲಿ ಮಾತ್ರ ಕೆಂಪು ಅಕ್ಷರದಲ್ಲಿ ಒಂದು ಪ್ರಶ್ನೆ ಬರೆದಿದ್ದರು: ಹರಕೆ ಹೊತ್ತ ಸಂಜೆ ಅಧ್ಯಯನಕಾರ್ತಿ ಅಲ್ಲೇ ಇದ್ದರೆಂದು ಹೇಳಲಾಗಿದೆ, ಆಗ ಅವರು ಏನು ಮಾಡುತ್ತಿದ್ದರು?

ಇದಕ್ಕೆ ಉತ್ತರ ಬರೆಯಲು ಕೂತೆ. ಚೀಲ ಹಿಡಿದಿದ್ದೆ, ಅದು ಖಚಿತ. ಸಾರು ಸೋರುತ್ತಿತ್ತು, ಅದೂ ಖಚಿತ, ದಿನಚರಿಯಲ್ಲಿದೆ. ಚೀಲ ಹಿಡಿದ ಕೈಗಳನ್ನು ಜೋಡಿಸಲು ಬರುವುದಿಲ್ಲ. ಆದರೆ ಚೀಲವನ್ನು ಕೆಳಗೆ ಇಟ್ಟಿದ್ದರೆ? ಚೀಲದ ತಳವೇ ಹಾಳಾಗಿದ್ದು ನಿಜ. ತಳ ಹಾಳಾಗಬೇಕಾದರೆ ಬಹಳ ಹೊತ್ತು ನೆಲದ ಮೇಲೆ ಇಟ್ಟಿರಬೇಕು. ನಿಂದು ನೀನ ಮುಟ್ಟಸು ಎಂದು ಅತ್ತೆ ಎರಡು ಹೋಳಿಗೆ ನನ್ನ ಕೈಗಿಟ್ಟದ್ದೂ ಸುಮ್ಮನೆ ಇರಲಿಕ್ಕಿಲ್ಲ. ಮಾವನ ಮೇಲೆ ನನಗೆ ಪ್ರೀತಿ ಇದೆ. ನನ್ನ ಮದುವೆಯಾದ ಹೊಸದರಲ್ಲಿ, ಓದು ಬಿಡಬ್ಯಾಡ ಎಂದು ಈ ಮನೆಯಲ್ಲಿ ಹೇಳಿದವರು ಅವರೊಬ್ಬರೇ. ಅಥವಾ ಹಾಗೆಂದು ನನ್ನ ನೆನಪು.

ಅತ್ತೆ ಆಗ ಕಿಟಕಿಯ ಬೆಳಕಿಗೆ ಮೊರ ಹಿಡಿದುಕೊಂಡು ಕೂತಿದ್ದರು. ಕಣ್ಣು ಬಂದಾಗಿನಿಂದ ನಾನು ಹಸನು ಮಾಡಿಟ್ಟ ಅಕ್ಕಿಯನ್ನು ಮತ್ತೆ ಹಸನು ಮಾಡುವುದು ಅವರಿಗೆ ಬಲು ಸಂಭ್ರಮ. ಮೂಲೆಯ ಜೇಡರ ಬಲೆ, ನನ್ನ ಬೈತಲೆಯ ಹತ್ತಿರದ ಬಿಳಿ ಕೂದಲು, ಬಟ್ಟಲ ತಳದ ಜಿಡ್ಡು, ಯಾವುದೂ ಈಗ ಅವರಿಂದ ಪಾರಾಗುವುದಿಲ್ಲ.

"ಅತ್ತಿ," ಎಂದೆ, "ಅವತ್ತ ಆ ಪಟದ ಮುಂದ ನಾನೂ ಕೈ ಮುಗದಿದ್ನೇನ್ರಿ?"

ಅವತ್ತು ಅವರಿಗೆ ಕೆಂಪು ಬೆಳಕೊಂದನ್ನು ಬಿಟ್ಟು ಏನೂ ಕಾಣುತ್ತಿರಲಿಲ್ಲ ಎಂಬುದು ಕೇಳಿದ ಮೇಲೆ ನನಗೆ ನೆನಪಾಯಿತು. ಆದರೂ ಕಾದೆ. ಅತ್ತೆ ಮೊರದಿಂದ ಒಂದು ಹರಳು ಆರಿಸಿ, ಎರಡು ಬೆರಳಿನ ನಡುವೆ ಹಿಡಿದು, ಬೆಳಕಿಗೆ ಎತ್ತಿ ನೋಡಿದರು.